ಆಪ್ಟಿಪ್ಲೆಕ್ಸ್ 9020 ಸಣ್ಣ ಡಬ್ಬಿ, 4ಕೆ ಟಿವಿ: ಯಾವ ಗ್ರಾಫಿಕ್ಸ್ ಕಾರ್ಡ್ ಹೊಂದುತ್ತದೆ?

ಗಿರಿಸಾಲು_ಚಿಕ್ಕಮಗಳೂರು

ಎಲ್ಲರಿಗೂ ನಮಸ್ಕಾರ. ಹಾಲ್‌ನಲ್ಲಿರುವ ಟಿವಿಗೆ ಕಂಪ್ಯೂಟರ್ ಜೋಡಿಸಿ ಸಿನಿಮಾ ನೋಡುವ ವ್ಯವಸ್ಥೆ ಮಾಡಿಕೊಳ್ಳುತ್ತಿದ್ದೇನೆ. ಇರುವ ಸಾಮಾನು ಇಷ್ಟು: ಸೆಕೆಂಡ್ ಹ್ಯಾಂಡ್ ಡೆಲ್ ಆಪ್ಟಿಪ್ಲೆಕ್ಸ್ 9020, ಅಡ್ಡ ಮಲಗಿಸಬಹುದಾದ ಸಣ್ಣ ಡಬ್ಬಿಯ ಮಾದರಿ. ಕೋರ್ ಐ5 4590, 8 ಜಿಬಿ ರ‍್ಯಾಮ್, 240 ಜಿಬಿ ಎಸ್‌ಎಸ್‌ಡಿ, ಸಿನಿಮಾ ಇಡಲು 2 ಟಿಬಿ ಹಾರ್ಡ್ ಡಿಸ್ಕ್, ವಿಂಡೋಸ್ 10. ಟಿವಿ 55 ಇಂಚಿನ 4ಕೆ, ಎಚ್‌ಡಿಆರ್10 (ಬೆಳಕು ಕತ್ತಲೆಯ ವ್ಯಾಪ್ತಿ ಹೆಚ್ಚು ತೋರಿಸುವ ಬಗೆ) ಇದೆ. ಸೌಂಡ್‌ಬಾರ್ ಟಿವಿಯ ಎಆರ್‌ಸಿ (ಟಿವಿಯಿಂದ ಸದ್ದು ಹೊರಗೆ ಕಳಿಸುವ ಎಚ್‌ಡಿಎಂಐ) ಪೋರ್ಟ್‌ಗೆ ಹೋಗಿದೆ.

ಫುಲ್ ಎಚ್‌ಡಿ ಫೈಲ್‌ಗಳಿಗೆ ಏನೂ ತೊಂದರೆಯಿಲ್ಲ. 4ಕೆ ಎಚ್‌ಇವಿಸಿ (ವಿಡಿಯೊವನ್ನು ಚಿಕ್ಕದಾಗಿ ಕಟ್ಟುವ ವಿಧಾನ, ಎಚ್.265) ಫೈಲ್ ಹಾಕಿದರೆ ಚಿತ್ರ ನಿಂತು ನಿಂತು ಓಡುತ್ತದೆ, ಟಾಸ್ಕ್ ಮ್ಯಾನೇಜರ್‌ನಲ್ಲಿ ಪ್ರೊಸೆಸರ್ ನೂರಕ್ಕೆ ನೂರು ತೋರಿಸುತ್ತದೆ. ಯೂಟ್ಯೂಬ್ 4ಕೆ ಕೂಡ ಹಾಗೇ. ಡಬ್ಬಿಯಲ್ಲಿ ಎಚ್‌ಡಿಎಂಐ ಪೋರ್ಟ್ ಇಲ್ಲ, ಎರಡು ಡಿಸ್‌ಪ್ಲೇಪೋರ್ಟ್ ಮತ್ತು ಒಂದು ವಿಜಿಎ ಇವೆ. ಡಿಸ್‌ಪ್ಲೇಪೋರ್ಟ್‌ನಿಂದ ಎಚ್‌ಡಿಎಂಐಗೆ ಹೋಗುವ ಅಡಾಪ್ಟರ್ ಹಾಕಿದ್ದೇನೆ, 4ಕೆಯಲ್ಲಿ 30 ಹರ್ಟ್ಸ್‌ಗಿಂತ ಮೇಲೆ ಹೋಗುತ್ತಿಲ್ಲ.

ಇಲ್ಲಿನ ಅಂಗಡಿಯೊಂದರಲ್ಲಿ ಜಿಟಿ 730, 4 ಜಿಬಿ ಕಾರ್ಡ್ ಸಾಕು ಎಂದರು. ಆನ್‌ಲೈನ್‌ನಲ್ಲಿ ನೋಡಿದರೆ ಆರ್‌ಎಕ್ಸ್ 550, ಜಿಟಿ 1030, ಜಿಟಿಎಕ್ಸ್ 1050 ಟಿಐ ಎಲ್ಲ ಕಾಣುತ್ತವೆ. ಗೇಮ್ ಆಡುವುದಿಲ್ಲ. ಬಜೆಟ್ ಎಂಟು ಸಾವಿರ, ತೀರಾ ಬೇಕೆಂದರೆ ಹತ್ತು. ಯಾವುದು ಈ ಡಬ್ಬಿಯೊಳಗೆ ಕೂರುತ್ತದೆ, ಯಾವುದು 4ಕೆ ಎಚ್‌ಡಿಆರ್ ಸರಿಯಾಗಿ ಓಡಿಸುತ್ತದೆ ತಿಳಿಸಿ.

ಬಿಎಂರಸ್ತೆ_ಹಾಸನ

ಜಿಟಿ 730 ಬೇಡವೇ ಬೇಡ. ಡಬ್ಬದ ಮೇಲೆ 4 ಜಿಬಿ ಎಂದು ದೊಡ್ಡದಾಗಿ ಬರೆದಿರುತ್ತದೆ, ಆದರೆ ಸಿನಿಮಾ ನೋಡುವವರಿಗೆ ಕಾರ್ಡ್‌ನ ಮೆಮೊರಿ ಎಷ್ಟು ಜಿಬಿ ಅನ್ನುವುದು ಕೊನೆಯ ಪ್ರಶ್ನೆ. ಮೊದಲ ಪ್ರಶ್ನೆ, ಆ ಚಿಪ್‌ನೊಳಗೆ ಎಚ್‌ಇವಿಸಿ 10 ಬಿಟ್ (ಬಣ್ಣದ ಮಟ್ಟಗಳು ಹೆಚ್ಚಿರುವ ಬಗೆ) ಬಿಡಿಸುವ, ಅಂದರೆ ಡಿಕೋಡ್ ಮಾಡುವ ಸರ್ಕ್ಯೂಟ್ ಇದೆಯೇ ಎನ್ನುವುದು. ಜಿಟಿ 710, ಜಿಟಿ 730 ಎರಡರಲ್ಲೂ ಅದು ಇಲ್ಲ. ಅವು ಹಳೆಯ ವಿಧಾನವಾದ ಎಚ್.264 ತನಕ ಮಾತ್ರ. ಎಚ್‌ಡಿಎಂಐ ಕೂಡ 1.4, ಅಂದರೆ 4ಕೆಗೆ 30 ಹರ್ಟ್ಸ್ ಮಿತಿ. ಈಗ ನಿಮಗಿರುವ ಎರಡು ತೊಂದರೆಗಳೂ ದುಡ್ಡು ಕೊಟ್ಟ ಮೇಲೂ ಹಾಗೇ ಉಳಿಯುತ್ತವೆ.

ತೊಂದರೆಯ ಮೂಲ ಇಲ್ಲಿದೆ. ಐ5 4590 ನಾಲ್ಕನೇ ತಲೆಮಾರಿನದು, ಅದರೊಳಗಿನ ಎಚ್‌ಡಿ 4600 ಗ್ರಾಫಿಕ್ಸ್‌ಗೆ ಎಚ್‌ಇವಿಸಿ 10 ಬಿಟ್ ಬರುವುದಿಲ್ಲ. ಎಚ್‌ಡಿಆರ್ ಇರುವ ಫೈಲ್ ಎಲ್ಲವೂ 10 ಬಿಟ್. ಹಾಗಾಗಿ ಇಡೀ ಕೆಲಸ ಪ್ರೊಸೆಸರ್ ಮೇಲೆ ಬೀಳುತ್ತದೆ, ನಾಲ್ಕು ಕೋರ್ ಅಷ್ಟನ್ನು ತಡೆಯುವುದಿಲ್ಲ. ಇಂಟೆಲ್‌ನ ಏಳನೇ ತಲೆಮಾರಿನಿಂದ ಈ ಕೆಲಸ ಒಳಗಿನ ಗ್ರಾಫಿಕ್ಸೇ ಮಾಡುತ್ತದೆ. ನಿಮ್ಮದು ಆ ಗೆರೆಯ ಈಚೆ ಇದೆ, ಆದ್ದರಿಂದ ಕಾರ್ಡ್ ಬೇಕೇ ಬೇಕು.

ಅಡಾಪ್ಟರ್ ವಿಷಯ ಬೇರೆ. ಡಿಸ್‌ಪ್ಲೇಪೋರ್ಟ್ 4ಕೆ 60 ಹರ್ಟ್ಸ್ ಕೊಡುತ್ತದೆ. ನಿಮ್ಮ ಹತ್ತಿರ ಇರುವುದು ಪ್ಯಾಸಿವ್ ಅಡಾಪ್ಟರ್, ಅದು ಎಚ್‌ಡಿಎಂಐ 1.4 ವೇಗಕ್ಕೆ ನಿಲ್ಲುತ್ತದೆ. ಆಕ್ಟಿವ್ ಅಡಾಪ್ಟರ್ ತಂದರೆ 60 ಬಂದೀತು, ಎಚ್‌ಇವಿಸಿ ಸಮಸ್ಯೆ ಮಾತ್ರ ಅಲ್ಲೇ ಇರುತ್ತದೆ. ಅದಕ್ಕೆ ದುಡ್ಡು ಹಾಕಬೇಡಿ. ಎಚ್‌ಡಿಎಂಐ 2.0 ಅಥವಾ ಮೇಲಿನದು ನೇರವಾಗಿ ಇರುವ ಕಾರ್ಡ್ ತೆಗೆದುಕೊಳ್ಳಿ.

ಈಗ ನೀವು ಹೆಸರಿಸಿದ ಉಳಿದವು.

ಆರ್‌ಎಕ್ಸ್ 550: ಎಚ್‌ಇವಿಸಿ 10 ಬಿಟ್ ಇದೆ, ಎಚ್‌ಡಿಎಂಐ 2.0 ಇದೆ, 50 ವ್ಯಾಟ್. ಆದರೆ ವಿಪಿ9 (ಎಚ್‌ಇವಿಸಿಯಂಥದೇ ಇನ್ನೊಂದು ವಿಧಾನ, ಎವಿ1 ಅದರ ಮುಂದಿನದು) ಬಿಡಿಸುವ ಪೂರ್ತಿ ಹಾರ್ಡ್‌ವೇರ್ ಇಲ್ಲ. ಯೂಟ್ಯೂಬ್‌ನ 4ಕೆ ಬರುವುದೇ ವಿಪಿ9 ಅಥವಾ ಎವಿ1ನಲ್ಲಿ, ಎಚ್.264ನಲ್ಲಿ 1080ಕ್ಕಿಂತ ಮೇಲೆ ಕೊಡುವುದಿಲ್ಲ. ಫೈಲ್ ಚೆನ್ನಾಗಿ ಓಡುತ್ತದೆ, ಯೂಟ್ಯೂಬ್ ಮಾತ್ರ ಮತ್ತೆ ಪ್ರೊಸೆಸರ್ ತಲೆಗೆ.

ಜಿಟಿಎಕ್ಸ್ 1050 ಟಿಐ: ಎಚ್‌ಇವಿಸಿ, ವಿಪಿ9 ಎರಡೂ ಇವೆ. ಆದರೆ 75 ವ್ಯಾಟ್. ಗಿಡ್ಡ ಕಾರ್ಡ್‌ಗಳೂ ಸಾಮಾನ್ಯವಾಗಿ ಎರಡು ಸ್ಲಾಟ್ ಅಗಲ ತಿನ್ನುತ್ತವೆ.

ಜಿಟಿ 1030: 30 ವ್ಯಾಟ್, ಎಚ್‌ಡಿಎಂಐ 2.0, ಎಚ್‌ಇವಿಸಿ 10 ಬಿಟ್ ಹಾಗೂ ವಿಪಿ9 10 ಬಿಟ್ ಎರಡೂ. ಗಿಡ್ಡ ಕಾರ್ಡ್, ಒಂದೇ ಸ್ಲಾಟ್‌ನ ಮಾದರಿಗಳೂ ಫ್ಯಾನ್ ಇಲ್ಲದ ಮಾದರಿಗಳೂ ಸಿಗುತ್ತವೆ. ನಿಮ್ಮ ಬಜೆಟ್‌ಗೆ, ನಿಮ್ಮ ಡಬ್ಬಿಗೆ ನನ್ನ ಆಯ್ಕೆ ಇದೇ. ಎವಿ1 ಇಲ್ಲ, ಅದಕ್ಕೆ ದಾರಿ ಇದೆ, ಕೆಳಗೆ ಹೇಳುತ್ತೇನೆ.

ಒಂದು ಎಚ್ಚರಿಕೆ ಮಾತ್ರ ಗಟ್ಟಿಯಾಗಿ ಹೇಳಬೇಕು. ಜಿಟಿ 1030 ಎನ್ನುವ ಒಂದೇ ಹೆಸರಲ್ಲಿ ಎರಡು ಕಾರ್ಡ್ ಮಾರುತ್ತಾರೆ. 2017ರಲ್ಲಿ ಬಂದದ್ದು ಜಿಡಿಡಿಆರ್5 ಮೆಮೊರಿಯದು, ಸೆಕೆಂಡಿಗೆ 48 ಜಿಬಿ ಸಾಗಿಸುತ್ತದೆ. ಮರುವರ್ಷ ಬಂದದ್ದು ಡಿಡಿಆರ್4 ಮೆಮೊರಿಯದು, ಅದು 17 ಜಿಬಿಯನ್ನೂ ಮುಟ್ಟುವುದಿಲ್ಲ. ಚಿಪ್ ಒಂದೇ, ಡಬ್ಬವೂ ಹೆಚ್ಚು ಕಡಿಮೆ ಒಂದೇ ಥರ. 24 ಫ್ರೇಮ್‌ನ ಸಿನಿಮಾ ಎರಡರಲ್ಲೂ ನಡೆಯುತ್ತದೆ, 4ಕೆ 60 ಫ್ರೇಮ್‌ನ ಎಚ್‌ಡಿಆರ್ ವಿಡಿಯೊ ಬಂದಾಗ ಡಿಡಿಆರ್4 ಕಾರ್ಡ್ ಫ್ರೇಮ್ ಬಿಡಲು ಶುರು ಮಾಡುತ್ತದೆ. ಡಬ್ಬದ ಬದಿಯ ಸಣ್ಣ ಅಕ್ಷರದ ಚೀಟಿಯಲ್ಲಿ ಮಾದರಿ ಸಂಖ್ಯೆ ಓದಿ. ಅದರಲ್ಲಿ ಡಿ4 ಎಂದಿದ್ದರೆ ವಾಪಸ್ ಕೊಡಿ. ಬಿಲ್‌ನಲ್ಲೂ ಜಿಡಿಡಿಆರ್5 ಎಂದೇ ಬರೆಸಿಕೊಳ್ಳಿ.

ಕೊಳ್ಳುವ ಮೊದಲು ಮುಚ್ಚಳ ತೆಗೆದು ಎರಡು ವಿಷಯ ನೋಡಿ ಬರೆಯಿರಿ: ಕಾರ್ಡ್ ಕೂರುವ ಉದ್ದನೆ ಸ್ಲಾಟ್‌ನ ಪಕ್ಕ ಎಷ್ಟು ಜಾಗ ಇದೆ, ಪವರ್ ಸಪ್ಲೈ ಮೇಲಿನ ಚೀಟಿಯಲ್ಲಿ ಎಷ್ಟು ವ್ಯಾಟ್ ಇದೆ.

ಬೇಲೂರು_ಪೆಂಗ್ವಿನ್

ಮೇಲಿನವರು ಹೇಳಿದ್ದು ವಿಂಡೋಸ್ ಇಟ್ಟುಕೊಳ್ಳುವವರಿಗೆ ಸರಿ. ಆದರೆ ಒಂದು ವಿಷಯ ಯೋಚನೆ ಮಾಡಿ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ನಾಲ್ಕನೇ ತಲೆಮಾರಿನ ಪ್ರೊಸೆಸರ್‌ಗೆ ವಿಂಡೋಸ್ 11 ಅಧಿಕೃತವಾಗಿ ಇಲ್ಲ, ಅದಕ್ಕೆ ಎಂಟನೇ ತಲೆಮಾರಿನಿಂದ ಮೇಲೆ ಬೇಕು. ಜಿಟಿ 1030 ಇರುವ ಪ್ಯಾಸ್ಕಲ್ ಸರಣಿಗೂ ಎನ್‌ವಿಡಿಯಾದ ಮಾಮೂಲಿ ಡ್ರೈವರ್ ನಿಂತಿದೆ, ಇನ್ನು ಭದ್ರತೆಯ ತಿದ್ದುಪಡಿ ಮಾತ್ರ.

ಟಿವಿಗೆ ಅಂತಲೇ ಇಡುವ ಡಬ್ಬಿಗೆ ವಿಂಡೋಸ್ ಬದಲು ಲಿಬ್ರೆಎಲೆಕ್ ಎಂಬ ಲಿನಕ್ಸ್ ಹಾಕಿದರೆ ಸ್ವಿಚ್ ಒತ್ತಿದ ಕೂಡಲೇ ಕೋಡಿ (ಸಿನಿಮಾ ಓಡಿಸುವ ಸಾಫ್ಟ್‌ವೇರ್, ವಿಂಡೋಸ್‌ಗೂ ಸಿಗುತ್ತದೆ) ತೆರೆದುಕೊಳ್ಳುತ್ತದೆ, ವಿಂಡೋಸ್ ಅಪ್‌ಡೇಟ್ ಕಾಟ ಇಲ್ಲ, 8 ಜಿಬಿ ರ‍್ಯಾಮ್ ಧಾರಾಳ. ಆ ದಾರಿ ಹಿಡಿದರೆ ಎನ್‌ವಿಡಿಯಾ ಬೇಡ. ಲಿಬ್ರೆಎಲೆಕ್‌ನ ಮುಖ್ಯ ಇಮೇಜ್ ಇಂಟೆಲ್ ಮತ್ತು ಎಎಮ್‌ಡಿಗೆ ಮಾಡಿದ್ದು. ಎನ್‌ವಿಡಿಯಾಗೆ ಲೆಗಸಿ ಅಂತ ಬೇರೆ ಇಮೇಜ್ ಇದೆ, ಅದರಲ್ಲಿ ಎಚ್‌ಡಿಆರ್ ಸಿಗುವುದಿಲ್ಲ. ನೀವು ಎಚ್‌ಡಿಆರ್ ಟಿವಿ ಇಟ್ಟುಕೊಂಡು ಅದನ್ನು ಬಿಟ್ಟರೆ ಏನು ಬಂತು?

ಹಾಗಾಗಿ ನನ್ನ ಮತ ಎಎಮ್‌ಡಿ ಆರ್‌ಎಕ್ಸ್ 6400. 53 ವ್ಯಾಟ್, ಹೊರಗಿನಿಂದ ಪವರ್ ವೈರ್ ಬೇಡ, ಎಚ್‌ಡಿಎಂಐ 2.1, ಎಚ್‌ಇವಿಸಿ ಮತ್ತು ವಿಪಿ9 ಇದೆ. ಗಿಡ್ಡ, ಒಂದು ಸ್ಲಾಟ್ ಅಗಲದ ಮಾದರಿ ಹುಡುಕಿದರೆ ಸಿಗುತ್ತದೆ. ಇದು ಪಿಸಿಐ ಎಕ್ಸ್‌ಪ್ರೆಸ್‌ನ ನಾಲ್ಕೇ ಲೇನ್ ಬಳಸುತ್ತದೆ, ಹಳೆಯ ಬೋರ್ಡ್‌ನಲ್ಲಿ ಗೇಮ್ ನಿಧಾನ ಎಂದು ಬೈಯುವವರಿದ್ದಾರೆ. ಸಿನಿಮಾಗೆ ಆ ಮಾತು ಲೆಕ್ಕಕ್ಕಿಲ್ಲ, ಸಂಕುಚಿತ ವಿಡಿಯೊ ಹೋಗಲು ಒಂದು ಲೇನ್ ಕೂಡ ಸಾಕು. ಇದರಲ್ಲೂ ಎವಿ1 ಇಲ್ಲ. ಹಾಕುವ ಮೊದಲು ಡೆಲ್ ಸೈಟ್‌ನಿಂದ ಕೊನೆಯ ಬಯೋಸ್ ಹಾಕಿಕೊಂಡು, ಬೂಟ್ ಮೋಡ್ ಯುಇಎಫ್‌ಐಗೆ ಬದಲಿಸಿ. ಹಳೆಯ ಲೆಗಸಿ ಮೋಡ್‌ನಲ್ಲಿ ಹೊಸ ಕಾರ್ಡ್‌ಗಳು ಪರದೆ ಕಪ್ಪಾಗಿಸಿ ಕೂರುವುದುಂಟು.

ಎವಿ1 ಬೇಕೇ ಬೇಕು ಎನ್ನುವವರು ಇಂಟೆಲ್ ಆರ್ಕ್ ಎ310 ಕಡೆ ನೋಡುತ್ತಾರೆ. ಚಿಪ್ ಬಹಳ ಒಳ್ಳೆಯದು, ಆದರೆ ಅದನ್ನು ಇಂಟೆಲ್ ಹೇಳಿರುವುದೇ ಹತ್ತನೇ ತಲೆಮಾರಿನಿಂದ ಮೇಲಿನ ಬೋರ್ಡ್‌ಗಳಿಗೆ. ಈ ಡೆಲ್‌ಗೆ ಅದನ್ನು ತರಬೇಡಿ.

ಗಿರಿಸಾಲು_ಚಿಕ್ಕಮಗಳೂರು

ಇಬ್ಬರಿಗೂ ಧನ್ಯವಾದ. ಮುಚ್ಚಳ ತೆಗೆದು ನೋಡಿದೆ. ಪವರ್ ಸಪ್ಲೈ ಚೀಟಿಯಲ್ಲಿ 255 ವ್ಯಾಟ್ ಇದೆ. ಉದ್ದನೆ ಸ್ಲಾಟ್ ಎರಡಿವೆ, 16 ಲೇನ್‌ನದು ಪವರ್ ಸಪ್ಲೈಗೆ ತೀರ ಹತ್ತಿರ, ಪಕ್ಕದಲ್ಲಿ ಇನ್ನೊಂದು ಸ್ಲಾಟ್‌ನಷ್ಟು ಜಾಗ ಇಲ್ಲ. ಡಬ್ಬಿಯ ಹಿಂದೆ ಕಾರ್ಡ್ ತಗುಲಿಸುವ ಪಟ್ಟಿ ಸುಮಾರು 8 ಸೆಂ.ಮೀ. ಉದ್ದ. ವಿಂಡೋಸ್ ಸದ್ಯಕ್ಕೆ ಇರಲಿ ಎಂದುಕೊಂಡಿದ್ದೇನೆ, ಮನೆಯಲ್ಲಿ ಬ್ಯಾಂಕ್ ಕೆಲಸ ಬೇರೆ ಲ್ಯಾಪ್‌ಟಾಪ್‌ನಲ್ಲಿ ನಡೆಯುತ್ತದೆ. 255 ವ್ಯಾಟ್ ಸಾಲುತ್ತದೆಯೇ? ಮತ್ತೆ ಸೌಂಡ್‌ಬಾರ್‌ಗೆ 5.1 ಹೋಗಲು ಏನು ಮಾಡಬೇಕು? ಈಗ ಸ್ಟೀರಿಯೊ ಮಾತ್ರ ಬರುತ್ತಿದೆ.

ಬಿಎಂರಸ್ತೆ_ಹಾಸನ

ಸಾಲುತ್ತದೆ. ಲೆಕ್ಕ ಹೀಗೆ: ಪ್ರೊಸೆಸರ್ ಗರಿಷ್ಠ 84 ವ್ಯಾಟ್, ಬೋರ್ಡ್, ರ‍್ಯಾಮ್, ಡಿಸ್ಕ್, ಫ್ಯಾನ್ ಎಲ್ಲ ಸೇರಿ 50 ಇಟ್ಟುಕೊಳ್ಳಿ, ಜಿಟಿ 1030 ಸೇರಿಸಿದರೆ 164. ಸಿನಿಮಾ ಓಡುವಾಗ ಅದರ ಅರ್ಧವೂ ಎಳೆಯುವುದಿಲ್ಲ, ಏಕೆಂದರೆ ಪ್ರೊಸೆಸರ್ ಆಗ ಸುಮ್ಮನಿರುತ್ತದೆ. ಆರ್‌ಎಕ್ಸ್ 6400 ಆದರೂ 190ರ ಒಳಗೆ. 75 ವ್ಯಾಟ್ ಕಾರ್ಡ್ ಹಾಕಿದರೆ 210 ಹತ್ತಿರ ಹೋಗುತ್ತದೆ, ಹತ್ತು ವರ್ಷ ದಾಟಿದ ಸಪ್ಲೈ ಮೇಲೆ ಆ ಹೊರೆ ನಾನು ಹಾಕುವುದಿಲ್ಲ. ಇನ್ನೊಂದು, ಸ್ಲಾಟ್‌ನ ಗರಿಷ್ಠ 75 ವ್ಯಾಟ್ ಎಂದು ನಿಯಮ ಇದ್ದರೂ ಕೆಲವು ಕಂಪನಿಗಳು ಇಂಥ ಸಣ್ಣ ಡಬ್ಬಿಗಳಲ್ಲಿ ಅದಕ್ಕಿಂತ ಕಡಿಮೆ ಮಿತಿ ಇಡುತ್ತವೆ. ಬೇರೆ ಮಾದರಿಯ ಡಬ್ಬಿ ಇರುವವರು ಇದನ್ನು ಓದುತ್ತಿದ್ದರೆ ಮೊದಲು ಕೈಪಿಡಿ ನೋಡಿ. ಸಪ್ಲೈ ಬದಲಿಸೋಣ ಎಂದರೆ ಈ ಡೆಲ್‌ನಲ್ಲಿ ಬೋರ್ಡ್‌ಗೆ ಹೋಗುವ ಕನೆಕ್ಟರ್ 8 ಪಿನ್‌ನದು, ಮಾರುಕಟ್ಟೆಯ 24 ಪಿನ್ ಸಪ್ಲೈ ನೇರ ಕೂರುವುದಿಲ್ಲ.

ಪಕ್ಕ ಜಾಗ ಇಲ್ಲ ಎಂದಿರಲ್ಲ, ಅಲ್ಲಿಗೆ 1050 ಟಿಐ ಮಾತು ಮುಗಿಯಿತು. ಒಂದೇ ಸ್ಲಾಟ್ ಕಾರ್ಡ್ ಮಾತ್ರ. ಫ್ಯಾನ್ ಇಲ್ಲದ ಮಾದರಿ ಕೊಳ್ಳುವುದಾದರೆ ಅದರ ಹೀಟ್‌ಸಿಂಕ್ ದಪ್ಪವನ್ನು ನೋಡಿ, ಕೆಲವು ಎರಡು ಸ್ಲಾಟ್ ಅಗಲ ಇರುತ್ತವೆ. ಪವರ್ ಸಪ್ಲೈ ಪಕ್ಕದಲ್ಲಿ ಗಾಳಿ ಆಡುವುದು ಕಡಿಮೆ, ಹಾಗಾಗಿ ಸಣ್ಣ ಫ್ಯಾನ್ ಇರುವುದೇ ವಾಸಿ.

ಕೂರಿಸುವ ಕ್ರಮ. ಶಟ್‌ಡೌನ್ ಮಾಡಿ ಗೋಡೆಯಿಂದ ಪ್ಲಗ್ ಕಿತ್ತು, ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ, ಉಳಿದ ಚಾರ್ಜ್ ಇಳಿಯುತ್ತದೆ. ಹೊಸ ಕಾರ್ಡ್‌ಗೆ ಮಾಮೂಲಾಗಿ 12 ಸೆಂ.ಮೀ.ನ ಉದ್ದ ಪಟ್ಟಿ ಹಾಕಿ ಬಂದಿರುತ್ತದೆ. ಡಬ್ಬದೊಳಗೆ 8 ಸೆಂ.ಮೀ.ನ ಗಿಡ್ಡ ಪಟ್ಟಿ ಬೇರೆ ಪೊಟ್ಟಣದಲ್ಲಿರಬೇಕು, ಸೆಕೆಂಡ್ ಹ್ಯಾಂಡ್ ಕಾರ್ಡ್‌ಗಳಲ್ಲಿ ಕಳೆದುಹೋಗುವುದು ಇದೇ. ಅದಿಲ್ಲದ ಕಾರ್ಡ್ ಎಷ್ಟು ಅಗ್ಗವಾದರೂ ಬೇಡ. ಪಟ್ಟಿ ಬದಲಿಸುವಾಗ ಡಿವಿಐ ಪೋರ್ಟ್ ಇದ್ದರೆ ಅದರ ಎರಡು ಪಕ್ಕದಲ್ಲಿರುವ ಆರು ಮೂಲೆಯ ಸಣ್ಣ ನಟ್‌ಗಳನ್ನು 5 ಮಿ.ಮೀ. ಸ್ಪ್ಯಾನರ್‌ನಿಂದ ಬಿಚ್ಚಬೇಕು. ಇಕ್ಕಳದಿಂದ ತಿರುಗಿಸಿದರೆ ಮೂಲೆ ಸವೆದು ಕೈ ಜಾರಿ ಬೋರ್ಡ್ ಗೀಚುತ್ತದೆ. ಕಾರ್ಡ್ ಸ್ಲಾಟ್‌ಗೆ ಒತ್ತಿದಾಗ ಹಿಂದಿನ ಕೊನೆಯಲ್ಲಿರುವ ಲಾಕ್ ಟಕ್ ಎನ್ನಬೇಕು, ಪಟ್ಟಿಯ ಕೆಳತುದಿ ಡಬ್ಬಿಯ ಸೀಳಿನೊಳಗೆ ಇಳಿದಿರಬೇಕು. ಪಟ್ಟಿ ಸೀಳಿಗೆ ಇಳಿಯದೆ ತಟ್ಟಿ ನಿಂತರೆ ಕಾರ್ಡ್ ಒಂದು ಕಡೆ ಎತ್ತಿಕೊಳ್ಳುತ್ತದೆ. ಫ್ಯಾನ್ ತಿರುಗುತ್ತದೆ, ಚಿತ್ರ ಬರುವುದಿಲ್ಲ, ಕಾರ್ಡ್ ಸತ್ತಿದೆ ಎಂದು ಜನ ವಾಪಸ್ ತರುವುದರಲ್ಲಿ ಬಹಳಷ್ಟು ಇದೇ.

ಎಚ್‌ಡಿಎಂಐ ಕೇಬಲ್ ಕಾರ್ಡ್‌ಗೇ ಹಾಕಿ. ಹಳೆ ಅಡಾಪ್ಟರ್ ಬೋರ್ಡ್‌ನಲ್ಲೇ ಬಿಟ್ಟರೆ ಚಿತ್ರ ಎಲ್ಲಿಂದ ಬರುತ್ತಿದೆ ಗೊತ್ತಾಗುವುದಿಲ್ಲ, ಅದನ್ನು ಕಿತ್ತುಬಿಡಿ. ಪರದೆ ಕಪ್ಪಾದರೆ ಎಫ್2 ಒತ್ತಿ ಬಯೋಸ್‌ಗೆ ಹೋಗಿ ವಿಡಿಯೊ ಆಯ್ಕೆಯನ್ನು ಆಟೋ ಮಾಡಿ.

ಇನ್ನು ಟಿವಿ ಕಡೆಯ ಕೆಲಸ, ಇದನ್ನು ಹತ್ತರಲ್ಲಿ ಎಂಟು ಜನ ಮರೆಯುತ್ತಾರೆ. ಟಿವಿಯ ಎಚ್‌ಡಿಎಂಐ ಪೋರ್ಟ್ ಪೂರ್ತಿ ವೇಗಕ್ಕೆ ತೆರೆದಿರುವುದಿಲ್ಲ. ಪ್ರತಿ ಪೋರ್ಟ್‌ಗೂ ಬೇರೆ ಬೇರೆಯಾಗಿ ಸೆಟ್ಟಿಂಗ್‌ನಲ್ಲಿ ತೆರೆಯಬೇಕು. ಸ್ಯಾಮ್‌ಸಂಗ್‌ನಲ್ಲಿ ಇನ್‌ಪುಟ್ ಸಿಗ್ನಲ್ ಪ್ಲಸ್, ಎಲ್‌ಜಿಯಲ್ಲಿ ಅಲ್ಟ್ರಾ ಎಚ್‌ಡಿ ಡೀಪ್ ಕಲರ್, ಸೋನಿಯಲ್ಲಿ ಎನ್‌ಹ್ಯಾನ್ಸ್ಡ್ ಫಾರ್ಮ್ಯಾಟ್ ಎಂದಿರುತ್ತದೆ. ಅದು ಆನ್ ಆಗದಿದ್ದರೆ ವಿಂಡೋಸ್‌ನಲ್ಲಿ ಎಚ್‌ಡಿಆರ್ ಗುಂಡಿಯೇ ಕಾಣುವುದಿಲ್ಲ, ಕಾರ್ಡ್ ತಪ್ಪು ಅಂದುಕೊಳ್ಳುತ್ತೀರಿ.

ಎಚ್‌ಡಿಎಂಐ 2.0 ಸಾಗಿಸುವುದು 18 ಗಿಗಾಬಿಟ್. 4ಕೆ 60 ಹರ್ಟ್ಸ್‌ನಲ್ಲಿ 10 ಬಿಟ್ ಬಣ್ಣ ಪೂರ್ತಿ ಆರ್‌ಜಿಬಿಯಾಗಿ ಅದರಲ್ಲಿ ಹಿಡಿಸುವುದಿಲ್ಲ. ಡೆಸ್ಕ್‌ಟಾಪ್‌ಗೆ 60 ಹರ್ಟ್ಸ್, 8 ಬಿಟ್ ಆರ್‌ಜಿಬಿ ಇರಲಿ. ಸಿನಿಮಾ ಶುರುವಾದಾಗ ಕೋಡಿಯೇ 23.976ಕ್ಕೆ ಇಳಿಸಲಿ, ಆ ವೇಗದಲ್ಲಿ 10 ಬಿಟ್ ಆರ್‌ಜಿಬಿ ಆರಾಮಾಗಿ ಹೋಗುತ್ತದೆ. 60 ಹರ್ಟ್ಸ್ ಎಚ್‌ಡಿಆರ್ ಬೇಕಾದಾಗ ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನ ಚೇಂಜ್ ರೆಸಲ್ಯೂಷನ್ ಪುಟದಲ್ಲಿ ವೈಸಿಬಿಸಿಆರ್ 422 (ಬಣ್ಣದ ಮಾಹಿತಿ ಕಡಿಮೆ ಕಳಿಸುವ ಬಗೆ) ಆರಿಸಿ.

ಎವಿ1ಗೆ ದಾರಿ: ಯೂಟ್ಯೂಬ್ ಖಾತೆಯ ಸೆಟ್ಟಿಂಗ್‌ನಲ್ಲಿ ಪ್ಲೇಬ್ಯಾಕ್ ವಿಭಾಗಕ್ಕೆ ಹೋಗಿ ಎವಿ1 ಅನ್ನು ಎಸ್‌ಡಿಗೆ ಮಾತ್ರ ಎಂದು ಇಡಿ. ಫೈರ್‌ಫಾಕ್ಸ್ ಬಳಸುವವರು ಅಬೌಟ್ ಕಾನ್ಫಿಗ್ ಪುಟದಲ್ಲಿ ಎವಿ1 ಎಂದು ಹುಡುಕಿ ಅದರ ಎನೇಬಲ್ಡ್ ಸಾಲನ್ನು ಫಾಲ್ಸ್ ಮಾಡಬಹುದು. ಆಗ 4ಕೆ ವಿಪಿ9ನಲ್ಲಿ ಬರುತ್ತದೆ, ಕಾರ್ಡ್ ಬಿಡಿಸುತ್ತದೆ. ವಿಡಿಯೊ ಮೇಲೆ ರೈಟ್ ಕ್ಲಿಕ್ ಮಾಡಿ ಸ್ಟ್ಯಾಟ್ಸ್ ಫಾರ್ ನರ್ಡ್ಸ್ ತೆರೆದರೆ ಯಾವ ಕೋಡೆಕ್, ಎಷ್ಟು ಫ್ರೇಮ್ ಬಿದ್ದವು ಎರಡೂ ಕಾಣುತ್ತವೆ.

ಶ್ರುತಿಪೆಟ್ಟಿಗೆ

ಸೌಂಡ್ ವಿಷಯಕ್ಕೆ ನಾನು ಹೇಳುತ್ತೇನೆ.

ಕಾರ್ಡ್‌ನಿಂದ ಟಿವಿಗೆ, ಟಿವಿಯಿಂದ ಎಆರ್‌ಸಿ ಮೂಲಕ ಸೌಂಡ್‌ಬಾರ್‌ಗೆ ಹೋಗುತ್ತಿದೆ ಅಲ್ಲವೇ? ಬಿಡಿಸಿದ 5.1 ಧ್ವನಿ ಎಆರ್‌ಸಿಯಲ್ಲಿ ಹೋಗುವುದಿಲ್ಲ, ಬಿಡಿಸಿದ್ದು ಬರೀ ಸ್ಟೀರಿಯೊ. 5.1 ಬೇಕೆಂದರೆ ಡಾಲ್ಬಿ ಡಿಜಿಟಲ್ ಅನ್ನು ಬಿಡಿಸದೆ ಹಾಗೇ ಕಳಿಸಬೇಕು. ಕೋಡಿಯಲ್ಲಿ ಸೆಟ್ಟಿಂಗ್ಸ್, ಸಿಸ್ಟಮ್, ಆಡಿಯೊ. ಕೆಳಗಿನ ಗೇರ್ ಗುರುತು ಒತ್ತಿ ಎಕ್ಸ್‌ಪರ್ಟ್ ಹಂತಕ್ಕೆ ಹೋಗಿ, ಇಲ್ಲದಿದ್ದರೆ ಅರ್ಧ ಆಯ್ಕೆ ಕಾಣುವುದಿಲ್ಲ. ಔಟ್‌ಪುಟ್ ಸಾಧನದಲ್ಲಿ ವಾಸಾಪಿ ಎಂದು ಶುರುವಾಗುವ, ನಿಮ್ಮ ಟಿವಿ ಹೆಸರಿರುವ ಸಾಲು ಆರಿಸಿ. ಪಾಸ್‌ಥ್ರೂ (ಬಿಡಿಸದೆ ಹಾಗೇ ಕಳಿಸುವುದು) ಆನ್ ಮಾಡಿ. ಎಸಿ3 (ಡಾಲ್ಬಿ ಡಿಜಿಟಲ್) ಆನ್, ಟಿವಿ ಒಪ್ಪಿದರೆ ಇ ಎಸಿ3 (ಡಾಲ್ಬಿ ಡಿಜಿಟಲ್ ಪ್ಲಸ್) ಆನ್. ಟ್ರೂ ಎಚ್‌ಡಿ, ಡಿಟಿಎಸ್ ಎಚ್‌ಡಿ ಆಫ್. ಅವೆರಡಕ್ಕೂ ಎಆರ್‌ಸಿಯ ಹೊಸ ರೂಪವಾದ ಇಎಆರ್‌ಸಿ ಬೇಕು, ಮಾಮೂಲಿ ಎಆರ್‌ಸಿಯಲ್ಲಿ ಅವಕ್ಕೆ ಜಾಗ ಇಲ್ಲ.

ಡಿಟಿಎಸ್ ಧ್ವನಿ ಇರುವ ಫೈಲ್‌ಗಳೇ ಮುಂದಿನ ತಲೆನೋವು. ಬಹಳಷ್ಟು ಟಿವಿಗಳು ಡಿಟಿಎಸ್ ಅನ್ನು ಎಆರ್‌ಸಿಗೆ ದಾಟಿಸುವುದಿಲ್ಲ, ಚಿತ್ರ ಓಡುತ್ತದೆ, ಸದ್ದಿಲ್ಲ. ಅದಕ್ಕೆ ಕೋಡಿಯಲ್ಲಿ ಡಾಲ್ಬಿ ಡಿಜಿಟಲ್ ಟ್ರಾನ್ಸ್‌ಕೋಡಿಂಗ್ ಆನ್ ಮಾಡಿ, ಡಿಟಿಎಸ್ ಪಾಸ್‌ಥ್ರೂ ಆಫ್ ಮಾಡಿ. ಮತ್ತು ಇದು ಮುಖ್ಯ, ಚಾನೆಲ್ ಸಂಖ್ಯೆಯನ್ನು 2.0 ಇಡಿ. 5.1 ಬೇಕು ಅಂತ ಅಲ್ಲಿ 5.1 ಇಟ್ಟರೆ ಟ್ರಾನ್ಸ್‌ಕೋಡಿಂಗ್ ನಡೆಯುವುದೇ ಇಲ್ಲ. ಉಲ್ಟಾ ಅನ್ನಿಸುತ್ತದೆ, ಆದರೆ ಕೋಡಿ ಹಾಗೇ ಬರೆದದ್ದು. 2.0 ಎಂದರೆ ಡಬ್ಬಿಯಿಂದ ಹೊರಗೆ ಹೋಗುವ ಬಿಡಿಸಿದ ಧ್ವನಿ ಎರಡೇ ಚಾನೆಲ್ ಎಂದರ್ಥ, ಅದು ತಿಳಿದಾಗಲೇ ಕೋಡಿ 5.1 ಅನ್ನು ಡಾಲ್ಬಿಗೆ ಕಟ್ಟಿ ಕಳಿಸುತ್ತದೆ. ಟಿವಿಯ ಡಿಜಿಟಲ್ ಔಟ್ ಆಯ್ಕೆ ಪಿಸಿಎಂನಲ್ಲಿದ್ದರೆ (ಅಂದರೆ ಬಿಡಿಸಿದ ಧ್ವನಿ) ಆಟೋ ಅಥವಾ ಪಾಸ್‌ಥ್ರೂಗೆ ಬದಲಿಸಿ.

ಸೌಂಡ್‌ಬಾರ್‌ಗೆ ಪ್ರತ್ಯೇಕ ಎಚ್‌ಡಿಎಂಐ ಇನ್ ಇದ್ದರೆ ಕಾರ್ಡ್ ಅನ್ನು ಮೊದಲು ಅಲ್ಲಿಗೇ ಕೊಡಬಹುದು. ಆದರೆ ಆ ಸೌಂಡ್‌ಬಾರ್ 4ಕೆ ಎಚ್‌ಡಿಆರ್ ಮತ್ತು ಎಚ್‌ಡಿಸಿಪಿ 2.2 (ನಕಲು ತಡೆಯುವ ಬೀಗ) ದಾಟಿಸಬೇಕು. ಇಲ್ಲದಿದ್ದರೆ ಒಳ್ಳೆ ಸದ್ದಿಗೆ ಆಸೆಪಟ್ಟು ಚಿತ್ರ ಕಳೆದುಕೊಳ್ಳುತ್ತೀರಿ.

ರಿಫ್ರೆಶ್ ರೇಟ್ ಬಗ್ಗೆಯೂ ಒಂದು ಮಾತು. ನಮ್ಮ ದೇಶದ ಟಿವಿ ಪ್ರಸಾರ ಸೆಕೆಂಡಿಗೆ 25 ಫ್ರೇಮ್‌ನದು. ಧಾರಾವಾಹಿ, ಹಳೆಯ ಡಿವಿಡಿ, ಚಾನೆಲ್‌ನಿಂದ ಹಿಡಿದಿಟ್ಟ ಯಕ್ಷಗಾನ ಎಲ್ಲ ಹಾಗೇ. ಅದನ್ನು 60 ಹರ್ಟ್ಸ್‌ನಲ್ಲಿ ತೋರಿಸಿದರೆ ಪರದೆ ಅಡ್ಡ ಸರಿಯುವಾಗ ಎಳೆದೆಳೆದು ಸಾಗುತ್ತದೆ. ಕೋಡಿಯಲ್ಲಿ ಅಡ್ಜಸ್ಟ್ ಡಿಸ್‌ಪ್ಲೇ ರಿಫ್ರೆಶ್ ರೇಟ್ ಅನ್ನು ಆನ್ ಸ್ಟಾರ್ಟ್ ಸ್ಟಾಪ್ ಮಾಡಿ, ವೈಟ್‌ಲಿಸ್ಟ್‌ನಲ್ಲಿ 23.976, 24, 50, 59.94, 60 ಇವಿಷ್ಟು ಟಿಕ್ ಹಾಕಿ. ಅಲ್ಲೇ ಇರುವ ಅಲೋ ಡಬಲ್ ರಿಫ್ರೆಶ್ ರೇಟ್ಸ್ ಆಯ್ಕೆಯನ್ನೂ ಆನ್ ಮಾಡಿದರೆ 25 ಫ್ರೇಮ್‌ನ ವಿಡಿಯೊ 50ಕ್ಕೆ ಹೋಗುತ್ತದೆ.

ಮೂಡಿಗೆರೆ_ಮಳೆಗಾಲ

ಕಾರ್ಡ್ ಆಯ್ಕೆ ಎಲ್ಲ ಚೆನ್ನಾಗಿ ಹೇಳಿದ್ದಾರೆ. ನಮ್ಮ ಕಡೆ ಕಾರ್ಡ್ ಸಾಯುವುದು ಹಳತಾಗಿ ಅಲ್ಲ ಕಣ್ರೀ, ಸಿಡಿಲಿಗೆ. ಏಪ್ರಿಲ್ ಮೇ ತಿಂಗಳ ಮಧ್ಯಾಹ್ನದ ಗುಡುಗು ಮಳೆ ಇದೆಯಲ್ಲ, ಅದು. ಜನ ಪ್ಲಗ್ ಕಿತ್ತು ಆಯ್ತು ಅಂದ್ಕೊಳ್ತಾರೆ. ಛಾವಣಿ ಮೇಲಿನ ಡಿಶ್ ಛತ್ರಿಯಿಂದ ಕೇಬಲ್ ಸೆಟ್‌ಟಾಪ್ ಬಾಕ್ಸ್‌ಗೆ ಬರುತ್ತೆ, ಬಾಕ್ಸ್‌ನಿಂದ ಎಚ್‌ಡಿಎಂಐ ಟಿವಿಗೆ, ಟಿವಿಯಿಂದ ಇನ್ನೊಂದು ಎಚ್‌ಡಿಎಂಐ ನಿಮ್ಮ ಹೊಸ ಕಾರ್ಡ್‌ಗೆ. ಹತ್ತಿರ ಸಿಡಿಲು ಬಿದ್ರೆ ಅದೇ ದಾರಿಲಿ ನುಗ್ಗಿ ಎಚ್‌ಡಿಎಂಐ ಪೋರ್ಟ್ ಸುಡುತ್ತೆ. ಕಾರ್ಡ್ ಬದುಕಿರುತ್ತೆ, ಪೋರ್ಟ್ ಸತ್ತಿರುತ್ತೆ. ಹಾಗಾಗಿ ಕೀಳಬೇಕಾದ್ದು ಮೂರು: ಕರೆಂಟಿನ ಪ್ಲಗ್, ಡಿಶ್ ಕೇಬಲ್, ಲ್ಯಾನ್ ತಂತಿ. ಫೈಬರ್ ಬಂದಿರೋರಿಗೆ ಫೈಬರ್ ಎಳೆಯಲ್ಲಿ ಕರೆಂಟ್ ಬರಲ್ಲ, ಆದರೆ ಆ ಮೋಡೆಮ್‌ನ ಅಡಾಪ್ಟರ್ ಕಡೆಯಿಂದ ಬರುತ್ತೆ. ಅರ್ಥಿಂಗ್ ಸರಿ ಇದೆಯಾ ಎಲೆಕ್ಟ್ರಿಷಿಯನ್ ಕೈಲಿ ಅಳೆಸಿ. ಅರ್ಥಿಂಗ್ ಇಲ್ಲದ ಮನೇಲಿ ಸರ್ಜ್ ಪ್ರೊಟೆಕ್ಟರ್ ಇದ್ದೂ ಪ್ರಯೋಜನ ಕಮ್ಮಿ, ಅದು ಹೊಡೆತವನ್ನ ಎಲ್ಲಿಗೆ ಇಳಿಸಬೇಕು?

ಇನ್ವರ್ಟರ್ ಬಗ್ಗೆ. ತೋಟದ ಮನೆಗಳಲ್ಲಿ ಇನ್ನೂ ಸ್ಕ್ವೇರ್ ವೇವ್ ಇನ್ವರ್ಟರ್ ತುಂಬಾ ಇವೆ. ಫ್ಯಾನು, ಬಲ್ಬಿಗೆ ನಡೆಯುತ್ತೆ. ಆದರೆ ಆಕ್ಟಿವ್ ಪಿಎಫ್‌ಸಿ (ಕರೆಂಟ್ ಎಳೆಯೋ ರೀತಿ ಸರಿಪಡಿಸೋ ಸರ್ಕ್ಯೂಟ್) ಇರೋ ಕಂಪ್ಯೂಟರ್ ಸಪ್ಲೈಗಳು ಆ ಅಲೆಗೆ ಹೊಂದಲ್ಲ. ಕರೆಂಟ್ ಹೋದ ಕ್ಷಣ ರೀಸ್ಟಾರ್ಟ್ ಆಗ್ತವೆ, ಇಲ್ಲಾ ಗುಂಯ್ ಅಂತ ಬಿಸಿಯಾಗ್ತವೆ. ಪ್ಯೂರ್ ಸೈನ್ ವೇವ್ ಇನ್ವರ್ಟರ್ ಇದ್ದು, ಯುಪಿಎಸ್ ಮೋಡ್ ಸ್ವಿಚ್ ಹಾಕಿದ್ರೆ ಒಳ್ಳೇದು. ಅದಿಲ್ಲ ಅಂದ್ರೆ ಡಬ್ಬಿಗೆ ಮಾತ್ರ ಒಂದು 600 ವಿಎ ಯುಪಿಎಸ್ ಇಡಿ, ಸರಿಯಾಗಿ ಶಟ್‌ಡೌನ್ ಮಾಡೋಷ್ಟು ಹೊತ್ತು ಸಿಕ್ಕರೆ ಸಾಕು. ಟಿವಿನ ಅದಕ್ಕೆ ಹಾಕಬೇಡಿ.

ತೇವಕ್ಕೆ ಮದ್ದು ಬಿಸಿ. ಜೂನ್‌ನಿಂದ ಸೆಪ್ಟೆಂಬರ್ ತನಕ ಡಬ್ಬಿ ತಿಂಗಳುಗಟ್ಟಲೆ ಆಫ್ ಇಡಬೇಡಿ, ವಾರಕ್ಕೆ ಎರಡು ಸಲ ಒಂದು ಗಂಟೆ ಓಡಿಸಿ. ಗೋಡೆಗೆ ಒತ್ತಿ ಇಡಬೇಡಿ, ಹಿಂದೆ ನಾಲ್ಕು ಬೆರಳು ಜಾಗ ಬಿಡಿ. ಮುಚ್ಚಿದ ಟಿವಿ ಕಪಾಟಿನೊಳಗಂತೂ ಬೇಡ. ಮಳೆಗಾಲ ಮುಗಿದ ಮೇಲೆ ಚಿತ್ರ ಬರ್ತಿಲ್ಲ ಅಂದ್ರೆ ಕಾರ್ಡ್ ಬಿಚ್ಚಿ ಕೆಳಗಿನ ಬಂಗಾರದ ಹಲ್ಲುಗಳನ್ನ ನೋಡಿ, ಮಂಕಾಗಿರುತ್ತೆ. ಮೆತ್ತನೆ ಬಿಳಿ ರಬ್ಬರ್‌ನಿಂದ ಉದ್ದುದ್ದ ಹಗುರವಾಗಿ ಒರೆಸಿ, ಪುಡಿ ಊದಿ, ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ ಬಟ್ಟೇಲಿ ಒಂದು ಸಲ ಒರೆಸಿ, ಒಣಗಿದ ಮೇಲೆ ಹಾಕಿ. ಅಡ್ಡಡ್ಡ ಉಜ್ಜಬೇಡಿ, ಹಲ್ಲು ಏಳುತ್ತೆ.

ಗಿರಿಸಾಲು_ಚಿಕ್ಕಮಗಳೂರು

ಬಹಳ ಉಪಕಾರವಾಯಿತು. ಜಿಟಿ 1030, ಜಿಡಿಡಿಆರ್5, ಒಂದು ಸ್ಲಾಟ್ ಎಂದು ತೀರ್ಮಾನಿಸಿದೆ. ಹಾಸನದಲ್ಲಿ ಸೆಕೆಂಡ್ ಹ್ಯಾಂಡ್ ಒಂದು ಇದೆ ಎಂದು ಗೊತ್ತಾಗಿದೆ, ಹೊಸದರ ಬೆಲೆಯ ಅರ್ಧ. ನಂಬಬಹುದೇ? ಕೌಂಟರ್‌ನಲ್ಲಿ ಏನು ಪರೀಕ್ಷೆ ಮಾಡಲಿ? ಮತ್ತೆ ಡಬ್ಬಿಯಿಂದ ಟಿವಿಗೆ ಎಂಟು ಮೀಟರ್ ಕೇಬಲ್ ಬೇಕಾಗಬಹುದು.

ಬಿಎಂರಸ್ತೆ_ಹಾಸನ

ಪೆನ್‌ಡ್ರೈವ್‌ನಲ್ಲಿ ಜಿಪಿಯು ಝಡ್ (ಕಾರ್ಡ್‌ನ ವಿವರ ತೋರಿಸುವ ಸಾಫ್ಟ್‌ವೇರ್) ಮತ್ತು ಒಂದು 4ಕೆ ಎಚ್‌ಇವಿಸಿ 10 ಬಿಟ್ ಫೈಲ್ ಇಟ್ಟುಕೊಂಡು ಹೋಗಿ. ಮಾರುವವರ ಕಂಪ್ಯೂಟರ್‌ನಲ್ಲಿ ಕಾರ್ಡ್ ಹಾಕಿಸಿ ಜಿಪಿಯು ಝಡ್ ತೆರೆಯಿರಿ. ಜಿಪಿಯು ಎಂಬಲ್ಲಿ ಜಿಪಿ108 ಇರಬೇಕು, ಮೆಮೊರಿ ಟೈಪ್‌ನಲ್ಲಿ ಜಿಡಿಡಿಆರ್5, ಬ್ಯಾಂಡ್‌ವಿಡ್ತ್ 48ರ ಆಸುಪಾಸು. ಹಳೆಯ ಚಿಪ್‌ಗೆ ಬೇರೆ ಬಯೋಸ್ ತುಂಬಿ ಹೊಸ ಹೆಸರಲ್ಲಿ ಮಾರುವ ಕಾರ್ಡ್‌ಗಳು ಮಾರುಕಟ್ಟೆಯಲ್ಲಿವೆ, ಅಂಥದ್ದಾದರೆ ಹೆಸರಿನ ಮುಂದೆ ಫೇಕ್ ಎಂದು ಜಿಪಿಯು ಝಡ್ ತಾನೇ ತೋರಿಸುತ್ತದೆ.

ನಂತರ ಫೈಲ್ ಓಡಿಸಿ, ಟಾಸ್ಕ್ ಮ್ಯಾನೇಜರ್‌ನ ಪರ್ಫಾರ್ಮೆನ್ಸ್ ಪುಟದಲ್ಲಿ ಜಿಪಿಯು ಆರಿಸಿ ವಿಡಿಯೊ ಡಿಕೋಡ್ ಗೆರೆ ನೋಡಿ. ಅದು ಮೇಲೇಳಬೇಕು, ಪ್ರೊಸೆಸರ್ ಕೆಳಗೇ ಇರಬೇಕು. ಗೆರೆ ಏಳದಿದ್ದರೆ ಪ್ಲೇಯರ್‌ನಲ್ಲಿ ಹಾರ್ಡ್‌ವೇರ್ ಡಿಕೋಡಿಂಗ್ ಆಫ್ ಇದೆಯೇ ಮೊದಲು ನೋಡಿ, ಆಮೇಲೆ ಕಾರ್ಡ್ ಮೇಲೆ ಅನುಮಾನ ಪಡಿ. ಹತ್ತು ನಿಮಿಷ ಓಡಲಿ, ಫ್ಯಾನ್ ಕರಕರ ಎಂದರೆ ಬೇರಿಂಗ್ ಹೋಗಿದೆ. ಗಿಡ್ಡ ಪಟ್ಟಿ ಕೇಳುವುದು ಮರೆಯಬೇಡಿ.

ಎಂಟು ಮೀಟರ್‌ಗೆ ಮಾಮೂಲಿ ತಾಮ್ರದ ಕೇಬಲ್ 18 ಗಿಗಾಬಿಟ್ ಹೊರುವುದು ಕಷ್ಟ. ಚಿತ್ರದಲ್ಲಿ ಬಿಳಿ ಚುಕ್ಕಿ ಮಿನುಗುವುದು, ಎರಡು ಸೆಕೆಂಡ್ ಕಪ್ಪಾಗಿ ಮತ್ತೆ ಬರುವುದು, ಇವೆಲ್ಲ ಕೇಬಲ್ ಸೋತ ಗುರುತು. ಡಬ್ಬಿಯನ್ನು ಟಿವಿ ಹತ್ತಿರ ಸರಿಸಿ ಮೂರು ಮೀಟರ್‌ನೊಳಗೆ ಮುಗಿಸುವುದು ಅಗ್ಗದ ದಾರಿ, ಪ್ರೀಮಿಯಂ ಹೈ ಸ್ಪೀಡ್ ಎಂಬ ಸ್ಕ್ಯಾನ್ ಮಾಡಬಹುದಾದ ಚೀಟಿ ಇರುವ ಕೇಬಲ್ ತನ್ನಿ. ಸರಿಸಲು ಆಗುವುದೇ ಇಲ್ಲವೆಂದರೆ ಆಕ್ಟಿವ್ ಆಪ್ಟಿಕಲ್ ಕೇಬಲ್. ಅದರ ಎರಡು ತುದಿ ಒಂದೇ ಅಲ್ಲ: ಸೋರ್ಸ್ ಎಂದಿರುವ ತುದಿ ಕಾರ್ಡ್‌ಗೆ, ಡಿಸ್‌ಪ್ಲೇ ಎಂದಿರುವುದು ಟಿವಿಗೆ. ಗೋಡೆಯೊಳಗೆ ಪೈಪ್‌ನಲ್ಲಿ ಎಳೆಯುವ ಮೊದಲು ನೆಲದ ಮೇಲೆ ಹಾಸಿ ಎರಡೂ ಕಡೆ ಜೋಡಿಸಿ 4ಕೆ 60 ಹರ್ಟ್ಸ್ ಬರುತ್ತದೆಯೇ ನೋಡಿಕೊಂಡೇ ಎಳೆಯಿರಿ.